ಮೂವತ್ತೆರಡನೇ ಸೇರು

ದೇವದುರ್ಗದಿಂದ ರಾಯಚೂರಿಗೆ ಹೊರಡುವ ಏಳೂವರೆ ಬಸ್ಸಿನಲ್ಲಿ ಮೌನೇಶ್ವರಿಗೆ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಅವಳಿಗೆ ಹೆಸರಿನಲ್ಲಷ್ಟೇ ಮೌನ. ಬಾಯಲ್ಲಿ ನಲವತ್ತು ದನಿ ಇಟ್ಟುಕೊಂಡು ಓಡಾಡುವ ಹೆಣ್ಣುಮಗಳು. ಕಂಡಕ್ಟರ್ ಆಧಾರ್ ಕಾರ್ಡು ನೋಡಿ ಸೊನ್ನೆ ರೂಪಾಯಿಯ ಟಿಕೆಟ್ ಹರಿದು ಕೊಟ್ಟು, “ಮುಂದ ಸರೀರಿ, ಹಿಂದ ಜಾಗ ಅದ” ಎಂದು ಮೂಗಿನಲ್ಲಿ ಹಾಡಿದ. ಗಬ್ಬೂರು ಬರುವಷ್ಟರಲ್ಲಿ ಆ ಮೂಗು ಅವಳ ಸ್ವಾಧೀನಕ್ಕೆ ಬಂದಿತ್ತು. ಮೆಲ್ಲಗೆ ಒಮ್ಮೆ ಅಂದು ನೋಡಿದಳು. ಪಕ್ಕದಲ್ಲಿ ತೂಕಡಿಸುತ್ತಿದ್ದ ಮುದುಕಿ ಕಣ್ಣು ಬಿಡದೆಯೇ ಒಂದು ಗೇಣು ಸರಿದು ಕೂತಳು.

ಗಣಿತದಲ್ಲಿ ಎಂ.ಎಸ್ಸಿ., ಮೇಲೊಂದು ಬಿ.ಎಡ್. ನಾಲ್ಕು ವರ್ಷದಿಂದ ಅತಿಥಿ ಶಿಕ್ಷಕಿ. ತಿಥಿ ನೋಡದೆ ಬರುವವನೇ ಅತಿಥಿ ಎಂದು ಕಾಲೇಜಿನ ಮೇಷ್ಟ್ರೊಬ್ಬರು ಹೇಳುತ್ತಿದ್ದರು. ಇವಳನ್ನು ಮಾತ್ರ ಜೂನ್ ತಿಥಿ ನೋಡಿ ಕರೆದು, ಮಾರ್ಚ್ ತಿಥಿ ನೋಡಿ ಕಳಿಸುತ್ತಿದ್ದರು. ಪ್ರತಿ ವರ್ಷ ಬೇರೆ ಊರು, ಬೇರೆ ಬೋರ್ಡು, ಬೇರೆ ಮಕ್ಕಳು. ಆರನೇ ತರಗತಿಯಲ್ಲಿ ಭಿನ್ನರಾಶಿ ಕಲಿಸಿದ ಒಂದು ಮಗುವನ್ನಾದರೂ ಏಳನೆಯದರಲ್ಲಿ ಮತ್ತೆ ನೋಡುವ ಭಾಗ್ಯ ಅವಳಿಗೆ ಬಂದಿರಲಿಲ್ಲ. ಈ ಜೂನ್‌ನಲ್ಲಂತೂ ಕರೆಯೇ ಬರಲಿಲ್ಲ. ಅದಕ್ಕೇ ಅವಳು ಈಗ ರಾಯಚೂರಿನ ಲಿಂಗಸುಗೂರು ರಸ್ತೆಯ ಒಂದು ವಸತಿ ಶಾಲೆಗೆ ಹೊರಟಿದ್ದಳು. ಅಲ್ಲಿ ಗಣಿತದ ಕಾಯಂ ಹುದ್ದೆ ಖಾಲಿ ಇತ್ತು.

ಶಾಲೆ ಕಟ್ಟಿಸಿದವರು ಮಾನ್ವಿಯ ರೈಸ್ ಮಿಲ್ಲಿನ ವಿರೂಪಣ್ಣ. ಹಿಂದಿನ ದಿನ ಅವರೇ ಫೋನ್ ಮಾಡಿದ್ದರು.

“ನಾ ವಿರೂಪಣ್ಣ ಮಾತಾಡಾಕತ್ತೀನಿ, ಮಾನ್ವಿ. ನಾಳಿ ಹತ್ತಕ್ಕ ಬರ್ರಿ. ಹತ್ತು ಅಂದ್ರ ಹತ್ತು. ತಿಳೀತಿಲ್ಲೋ? ಮಕ್ಕಳಿಗೆ ಒಂದು ಪಾಠ ಮಾಡ್ರಿ. ಆಮ್ಯಾಲ ನನ್ನದೊಂದು ಲೆಕ್ಕ ಅದ, ಅದನ್ನ ಬಿಡಸ್ರಿ. ಬಿಡಸಿದ್ರ ಕಾಯಂ. ಬಿಡಸಲಿಲ್ಲಂದ್ರ ಒಗ್ಗರಣಿ ಮಿರ್ಚಿ ತಿಂದು ಬಸ್ ಹತ್ರಿ. ತಿಳೀತಿಲ್ಲೋ?”

ಆ ದನಿ ಹೊಟ್ಟೆಯ ಆಳದಲ್ಲಿ ಹೊರಟು, ಗಂಟಲಲ್ಲಿ ಅರೆಗಳಿಗೆ ತಂಗಿ, ಕೊನೆಗೆ ಹಮಾಲರು ಲಾರಿಯಿಂದ ಚೀಲ ಇಳಿಸಿದ ಹಾಗೆ ಧೊಪ್ಪೆಂದು ಬೀಳುತ್ತಿತ್ತು. ಫೋನ್ ಇಟ್ಟದ್ದೇ ತಡ, ಮೌನೇಶ್ವರಿ ಅದನ್ನು ಹಾಗೇ ತೆಗೆದು ಅವ್ವ ಗೋಪಮ್ಮನ ಮುಂದೆ ಸುರಿದಳು. ಗೋಪಮ್ಮ ಇಪ್ಪತ್ತು ವರ್ಷ ಬೇರೆಯವರ ಕಣದಲ್ಲಿ ಭತ್ತ ತೂರಿ, ಕೂಲಿಯ ಕಾಳನ್ನು ಸೆರಗಿನಲ್ಲಿ ತಂದು ಮಗಳನ್ನು ಓದಿಸಿದವಳು. ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದವಳು ನಕ್ಕು ನಕ್ಕು ಕಲ್ಲು ಯಾವುದು ಕಾಳು ಯಾವುದು ತಿಳಿಯದೆ ಮೊರ ಕೆಳಗಿಟ್ಟಳು.

“ದನೀನೇ ಇಷ್ಟು ದಪ್ಪ ಇದ್ರ ಹೊಟ್ಟಿ ಎಷ್ಟಿರಬೇಕು ಬೇ? ಎಷ್ಟು ಮಂದಿ ಬಂದು ಹೋಗ್ಯಾರಂತ ಅವರ ಹತ್ರ?”

“ಐದು ಮಂದಿ. ನಾ ಆರನೇದಾಕಿ.”

“ಬಿಡಸ್ತಿ ಇಲ್ಲೋ ಅವರ ಲೆಕ್ಕಾನ?”

“ಯವ್ವಾ, ಲೆಕ್ಕ ಅಂದ್ರ ಮಂದಿ ಮಾತಾಡೋದೇ. ಯಾರು ಏನು ಅನ್ನಾಕತ್ಯಾರ ಅಂತ ನೆಟ್ಟಗ ಕೇಳಿಸಿಕೊಂಡ್ರ ಉತ್ತರ ತಾನೇ ಬರತದ.”

ಇದು ಜಂಬವಲ್ಲ. ಮೌನೇಶ್ವರಿ ನಿಜವಾಗಿಯೂ ಹಾಗೆ ನಂಬಿದ್ದಳು.

ಶಾಲೆಯ ಬಾಗಿಲಲ್ಲಿ ಎದುರಾದವರು ಮುಖ್ಯ ಶಿಕ್ಷಕಿ ವಿಜಯಶ್ರೀ. ವಿರೂಪಣ್ಣನ ಮಗಳು, ಮೂವತ್ತೈದರ ಆಸುಪಾಸು. ಒಳಗೆ ಕರೆದೊಯ್ಯುತ್ತಾ ದನಿ ತಗ್ಗಿಸಿ ಹೇಳಿದರು: “ನೋಡ್ರಿ, ಪಾಠ ನೀವು ಚೊಲೋನೇ ಮಾಡ್ತೀರಿ, ಅದಕ್ಕ ನಾ ಹೆದರಂಗಿಲ್ಲ. ಅಪ್ಪಾಜಿ ಲೆಕ್ಕಾನೇ ಅಡ್ಡಗ್ವಾಡಿ ಆಗ್ಯಾದ. ಉತ್ತರ ಅವರ ಜೇಬಿನಾಗ ಚೀಟಿ ಮಾಡಿ ಇಟ್ಟಾರ. ನನಗೂ ತೋರಸಿಲ್ಲ.”

“ಹೋದ ಐದು ಮಂದಿ ಏನಂದ್ರು ಮೇಡಂ?”

“ಮಂದಿ ಐದು, ಉತ್ತರ ನಾಕು. ಭಿನ್ನರಾಶಿ ಲೆಕ್ಕ, ಭಿನ್ನಾಭಿಪ್ರಾಯ ಸಹಜ ಅಲ್ರಿ.”

ಮುಖ್ಯ ಶಿಕ್ಷಕಿಯೂ ತನ್ನ ಜಾತಿಯ ಮಾತುಗಾರ್ತಿಯೇ ಎಂದು ಮೌನೇಶ್ವರಿಗೆ ಒಳಗೇ ಖುಷಿಯಾಯಿತು.

ಆರನೇ ತರಗತಿಯಲ್ಲಿ ನಲವತ್ತು ಮಕ್ಕಳಿದ್ದರು. ಕೊನೆಯ ಬೆಂಚಿನಲ್ಲಿ ಬಿಳಿ ಧೋತರ, ಹೆಗಲ ಮೇಲೊಂದು ಟವೆಲು, ಸಣಕಲು ದೇಹದ ಮುದುಕರೊಬ್ಬರು ಮೊಣಕಾಲು ಮಡಚಿ ಕೂತಿದ್ದರು. ಯಾವುದೋ ಮಗುವಿನ ಅಜ್ಜ ಇರಬೇಕೆಂದುಕೊಂಡು ಮೌನೇಶ್ವರಿ ತನ್ನ ಪರ್ಸಿನಿಂದ ತನ್ನದೇ ಚಾಕ್‌ಪೀಸ್ ತೆಗೆದಳು. ಪರರ ಚಾಕ್‌ಪೀಸ್ ಅವಳ ಕೈಗೆ ಹಿಡಿಸುತ್ತಿರಲಿಲ್ಲ.

“ಈಗ ಒಂದು ಲೆಕ್ಕ ಹೇಳ್ತೀನಿ. ಯಾರೂ ಪೆನ್ನು ಮುಟ್ಟಬ್ಯಾಡ್ರಿ. ಮೊದಲು ಲೆಕ್ಕದಾಗ ಯಾರ್ಯಾರು ಅದಾರ ನೋಡ್ರಿ. ಒಬ್ಬರು ಮಿಲ್ ಸಾವ್ಕಾರ್ರು. ಅವರ ಹತ್ರ ಅರವತ್ತು ಕೆ.ಜಿ. ಅಕ್ಕಿ. ಅವರಂತಾರ—”

ಇಲ್ಲಿ ಅವಳು ಹೊಟ್ಟೆಯೊಳಗಿಂದ ಆ ದನಿ ಹೊರತೆಗೆದಳು.

“‘ಕಾಲು ಭಾಗ ನಮ್ಮ ತಂಗಿಗೆ ಕೊಡ್ರಿ. ಉಳಿದಿದ್ದರಾಗ ಮೂರನೇ ಒಂದು ಪಾಲು ಅಳಿಯನಿಗೆ. ಆಮ್ಯಾಲ ಉಳಿದದ್ದನ್ನ ಎರಡೂವರೆ ಕೆ.ಜಿ. ಚೀಲಕ್ಕ ತುಂಬ್ರಿ. ಎರಡೂವರೆ ಅಂದ್ರ ಎರಡೂವರೆ. ತಿಳೀತಿಲ್ಲೋ?’”

ತರಗತಿ ಒಡೆದು ಹೋಯಿತು. ನಲವತ್ತು ಮಕ್ಕಳೂ ನಕ್ಕರು. ನಕ್ಕು, ಒಟ್ಟಿಗೇ ಹಿಂದಕ್ಕೆ ತಿರುಗಿ ನೋಡಿದರು. ಮಕ್ಕಳ ಕಣ್ಣು ಹೋದಲ್ಲಿ ಮೌನೇಶ್ವರಿಯ ಕಣ್ಣೂ ಹೋಯಿತು. ಧೋತರದ ಮುದುಕರು ನಗಲಿಲ್ಲ. ಬಾಗಿಲ ಬಳಿ ನಿಂತಿದ್ದ ವಿಜಯಶ್ರೀ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಿದ್ದರು.

ಆ ದೊಡ್ಡ ದನಿಗೆ ಇಷ್ಟು ಸಣ್ಣ ದೇಹ ಇರಬಹುದೆಂದು ಯಾರು ಊಹಿಸುತ್ತಾರೆ? ಅರೆಕ್ಷಣ ಅವಳ ಕೈಯ ಚಾಕ್‌ಪೀಸ್ ಗಾಳಿಯಲ್ಲಿ ನಿಂತಿತು. ಅರ್ಧಕ್ಕೆ ಬಿಟ್ಟರೆ ಇದು ಅಪಹಾಸ್ಯ, ಕೊನೆತನಕ ಒಯ್ದರೆ ಪಾಠ. ಅವಳು ಪಾಠವನ್ನು ಆರಿಸಿಕೊಂಡಳು.

ಮುಂದಿನ ಬೆಂಚಿನ ಹುಡುಗನೊಬ್ಬ ಕೈ ಎತ್ತಿ, “ಮಿಸ್, ತಂಗಿಗೆ ಹದಿನೈದು, ಅಳಿಯಗ ಇಪ್ಪತ್ತು” ಎಂದ.

ಮೌನೇಶ್ವರಿ ತಕ್ಷಣ ಅಳಿಯನಾದಳು. ಕುತ್ತಿಗೆ ಓರೆಯಾಯಿತು, ದನಿ ಜೇನಾಯಿತು. “‘ಮಾವಾರ, ಅರವತ್ತರಾಗ ಹದಿನೈದು ಆಗಲೇ ಅತ್ತಿಯವರ ಮನಿಗೆ ಹೋಗ್ಯಾದ. ಹೋದ ಅಕ್ಕಿಯಾಗ ನನಗ ಪಾಲು ಹ್ಯಾಂಗ ಬರತದ್ರಿ? ಈಗ ಮುಂದ ಇರೋದು ನಲವತ್ತೈದೇ. ಅದರಾಗ ಮೂರನೇ ಪಾಲು ಹದಿನೈದು. ನಾ ಆಸೆಬುರುಕ ಅಳಿಯ ಅಲ್ರಿ.’ — ನೋಡ್ರಿ, ‘ಉಳಿದಿದ್ದರಾಗ’ ಅನ್ನೋ ಮಾತು ಕಿವಿಗೆ ಬಿದ್ದ ಕೂಡ್ಲೆ ಹಳೇ ರಾಶಿ ಮರತುಬಿಡ್ರಿ. ಮುಂದ ಇರೋದೇ ಈಗ ಪೂರ್ತಿ ರಾಶಿ. ಶೇಷದಾಗೇ ವಿಶೇಷ ಇರತದ.”

ಉಳಿದ ಮೂವತ್ತನ್ನು ಎರಡೂವರೆಯಿಂದ ಭಾಗಿಸುವುದು ಹೇಗೆ? ಎರಡು ಚೀಲ ಜೋಡಿಸಿದರೆ ಐದು ಕೆ.ಜಿ., ಮೂವತ್ತರಲ್ಲಿ ಅಂಥ ಆರು ಜೋಡಿ, ಆರು ಜೋಡಿ ಎಂದರೆ ಹನ್ನೆರಡು ಚೀಲ. ಕಿಟಕಿ ಪಕ್ಕದ ಎರಡು ಜಡೆಯ ಹುಡುಗಿ ಇದನ್ನು ಬಾಯಿಂದಲೇ ಹೇಳಿ ಮುಗಿಸಿದಳು.

“ತಿಳೀತಿಲ್ಲೋ?” ಎಂದು ಮೌನೇಶ್ವರಿ ಮತ್ತೆ ಆ ದನಿಯಲ್ಲೇ ಕೇಳಿದಳು.

“ತಿಳೀತು” ಎಂದವು ನಲವತ್ತು ಬಾಯಿ.

“ನನಗ ತಿಳೀಲಿಲ್ಲ” ಎಂದಿತು ಕೊನೆಯ ಬೆಂಚು. ಈ ಸಲ ಅಸಲಿ ದನಿ. ವಿರೂಪಣ್ಣ ಟವೆಲು ಕೊಡವಿ ಎದ್ದರು. “ನನ್ನ ದನಿ ಅಷ್ಟು ಗಡಸು ಅದ ಏನ್ರಿ ಬಾಯಾರ?”

“ಫೋನಿನಾಗ ಹಂಗೇ ಕೇಳಸ್ತದ್ರಿ ಸರ್. ಎದುರಿಗೆ ಒಂದು ಪಾವು ಮೆತ್ತಗ ಅದ.”

ವಿರೂಪಣ್ಣ ಅವಳನ್ನು ದಿಟ್ಟಿಸಿದರು. ಹೊಸ ಭತ್ತದ ಕಾಳನ್ನು ಹಲ್ಲಿನಡಿ ಇಟ್ಟು ತೇವ ಪರೀಕ್ಷಿಸುವವರ ನೋಟ ಅದು. “ಆತು. ನನ್ನ ಲೆಕ್ಕ ಬರಕೊಳ್ರಿ” ಎಂದರು.

“ಒಂದು ಚೀಲ ಭತ್ತ. ನಮ್ಮ ಕಡೆ ಚೀಲ ಅಂದ್ರ ಎಪ್ಪತ್ತೈದು ಕೆ.ಜಿ. ಅದರಾಗ ಮೂರನೇ ಎರಡು ಪಾಲು ಅಕ್ಕಿ ಆತು, ಉಳಿದದ್ದು ಹೊಟ್ಟು ತೌಡು ಹೋತು. ಅಕ್ಕಿಯಾಗ ಐದನೇ ಒಂದು ಪಾಲು ಮಠದ ದಾಸೋಹಕ್ಕ ಕೊಟ್ಟಿವಿ. ಉಳಿದದ್ದರಾಗ ಐದನೇ ಎರಡು ಪಾಲು ಹಾಸ್ಟೆಲ್ ಮಕ್ಕಳ ದೋಸಿಗೆ ನೆನಿ ಹಾಕಿದ್ರು. ಆಮ್ಯಾಲ ಉಳಿದ ಅಕ್ಕೀನ ನಮ್ಮ ಹಿತ್ತಾಳಿ ಸೇರಿನಾಗ ಅಳದ್ರು. ಸೇರಿಗೆ ಹಿಡಿಯೋದು ಮುಕ್ಕಾಲು ಕೆ.ಜಿ. ಒಟ್ಟು ಎಷ್ಟು ಸೇರು ಆತು? ತಿಳೀತಿಲ್ಲೋ?”

“ತಿಳೀತ್ರಿ.”

ಅವಳು ಬರೆಯುತ್ತಾ ಹೋದಳು, ಬರೆದದ್ದನ್ನೆಲ್ಲ ಮಕ್ಕಳಿಗೆ ಕೇಳುವ ಹಾಗೆ ಹೇಳುತ್ತಾ ಹೋದಳು. ಎಪ್ಪತ್ತೈದರ ಮೂರನೇ ಒಂದು ಇಪ್ಪತ್ತೈದು, ಅಂಥ ಎರಡು ಅಂದರೆ ಐವತ್ತು ಕೆ.ಜಿ. ಅಕ್ಕಿ. ಅದರ ಐದನೇ ಒಂದು ಹತ್ತು, ಮಠಕ್ಕೆ. ಈಗ ಮುಂದಿರುವುದು ನಲವತ್ತು. ಇಲ್ಲಿಯೇ ಹಲವರು ಹಿಂದಿನ ಐವತ್ತರ ಮೋಹ ಬಿಡದೆ ಕೆಡುತ್ತಾರೆಂದು ಅವಳಿಗೆ ಗೊತ್ತಿತ್ತು. ನಲವತ್ತರ ಐದನೇ ಒಂದು ಎಂಟು, ಎರಡು ಪಾಲೆಂದರೆ ಹದಿನಾರು, ದೋಸೆಗೆ. ಉಳಿದದ್ದು ಇಪ್ಪತ್ತನಾಲ್ಕು.

“ಈಗ ಇಪ್ಪತ್ತನಾಲ್ಕನ್ನ ಮುಕ್ಕಾಲಿನಿಂದ ಭಾಗಿಸಬೇಕು. ಗುಣಿಸಿದವರಿಗೆ ಹದಿನೆಂಟು ಬರತದ. ಆದ್ರ ಒಂದು ಕೆ.ಜಿ.ಗಿಂತ ಸಣ್ಣ ಸೇರಿನಾಗ ಅಳದ್ರ ಇಪ್ಪತ್ತನಾಲ್ಕಕ್ಕಿಂತ ಜಾಸ್ತಿ ಸಲ ಅಳೀಬೇಕಲ್ಲ, ಕಮ್ಮಿ ಹ್ಯಾಂಗ ಆದೀತು? ಒಂದು ಕೆ.ಜಿ.ಗೆ ನಾಕು ಪಾವ್ ಕಿಲೋ. ಇಪ್ಪತ್ತನಾಲ್ಕಕ್ಕ ತೊಂಬತ್ತಾರು. ಮೂರು ಪಾವ್ ಕಿಲೋ ಕೂಡಿದ್ರ ಒಂದು ಸೇರು. ತೊಂಬತ್ತಾರರಾಗ ಮೂರು ಎಷ್ಟು ಸಲ?”

“ಮೂವತ್ತೆರಡು” ಎಂದಳು ಎರಡು ಜಡೆಯ ಹುಡುಗಿ.

“ಮೂವತ್ತೆರಡು ಸೇರು ಸರ್” ಎಂದು ಮೌನೇಶ್ವರಿ ಕೆಳಗೆ ಎರಡು ಗೆರೆ ಎಳೆದಳು.

ವಿರೂಪಣ್ಣ ಜೇಬಿಗೆ ಕೈ ಹಾಕಿ ಮಡಿಕೆ ಸವೆದ ಚೀಟಿ ಬಿಚ್ಚಿ ಬೋರ್ಡಿಗೆ ಹಿಡಿದರು. ಅದರಲ್ಲಿ ಮೂವತ್ತೊಂದು ಎಂದಿತ್ತು.

“ಮೂರು ಮಂದಿ ಏನೇನೋ ಬರದು ಹೋದ್ರು. ಇಬ್ಬರು ನಿಮ್ಮಂಗೇ ಮೂವತ್ತೆರಡು ಅಂದ್ರು. ಚೀಟಿ ತೋರಿಸಿದ ಮ್ಯಾಲ, ಹೌದ್ರಿ ಸಾವ್ಕಾರ್ರ, ನಂದೇ ತಪ್ಪಾಗ್ಯಾದ, ಮೂವತ್ತೊಂದೇ ಖರೆ ಅಂದ್ರು. ಅವರನ್ನೂ ಕಳಿಸಿದೆ. ಚೀಟಿ ನೋಡಿ ಉತ್ತರ ಬದಲ ಮಾಡವರು ಮಕ್ಕಳಿಗೆ ಏನು ಕಲಸ್ತಾರ?”

“ಹಂಗಾರ ನಿಮಗ ಎಂಥವರು ಬೇಕು ಸರ್?”

“ಇದು ಬಾಯಿಲೆಕ್ಕ ಅಲ್ರಿ. ಖರೆ ಖರೆ ಒಂದು ಚೀಲ ಭತ್ತ ಮಿಲ್ಲಿಗೆ ಹಾಕಿಸಿ, ಕೊಟ್ಟು, ನೆನಸಿ, ಇಲ್ಲೇ ಅಡಗಿ ಮನಿಯಾಗ ಅಳಿಸೀನಿ. ನನ್ನ ಮಗ ಮುಂದ ನಿಂತು ಎಣಸ್ಯಾನ, ಇಂಜಿನಿಯರ್. ಕಾಟಾ ಮ್ಯಾಲ ಇಪ್ಪತ್ತನಾಲ್ಕು ಕೆ.ಜಿ. ಬಂತು. ಸೇರಿನಾಗ ಮೂವತ್ತೊಂದೇ ಬಂತು. ಪುಸ್ತಕದ ಲೆಕ್ಕ ಬ್ಯಾರೆ, ಅಳತಿ ಲೆಕ್ಕ ಬ್ಯಾರೆ. ಒಂದಿಷ್ಟು ಚೆಲ್ಲತದ, ಒಂದಿಷ್ಟು ಕೈಗೆ ಹತ್ತತದ. ಅದನ್ನ ಬಲ್ಲವರು, ಯಾಕ ಮೂವತ್ತೊಂದು ಅಂತ ಹೇಳವರು ಬೇಕು ನನಗ. ತಿಳೀತಿಲ್ಲೋ?”

ಈಗ ಹುದ್ದೆ ಆ ಒಂದು ಸೇರಿನಲ್ಲಿ ಕೂತಿತ್ತು. ಚೆಲ್ಲುತ್ತದೆ ಅಂತ ಒಪ್ಪಿಕೊಂಡು ಒಂದು ಮಾತು ಸೇರಿಸಿದರೆ ಸಾಕು, ಮಾರ್ಚ್ ತಿಥಿಯ ಕಾಟ ತಪ್ಪುತ್ತದೆ. ಆದರೆ ಬೋರ್ಡಿನ ಮೇಲಿನ ಮೂವತ್ತೆರಡು ಸರಿ ಇತ್ತು. ಸರಿ ಇದ್ದದ್ದನ್ನು ತನ್ನದೇ ಚಾಕ್‌ಪೀಸಿನಿಂದ ತಿದ್ದುವುದು ಅವಳಿಂದ ಆಗದ ಕೆಲಸ.

“ಸರ್, ಮೂವತ್ತೆರಡು ಬದಲ ಆಗಂಗಿಲ್ಲ. ಆದ್ರ ನಿಮ್ಮ ಮೂವತ್ತೊಂದು ಎಲ್ಲಿಂದ ಬಂತು ಅಂತ ಹುಡುಕಿ ಕೊಡ್ತೀನಿ. ಎರಡು ಮಾತು ಕೇಳಲೇನು? ಆ ಸೇರಿಗೆ ಮುಕ್ಕಾಲು ಕೆ.ಜಿ. ಹಿಡೀತದ ಅಂತ ತೂಗಿ ನೋಡೀರಿ?”

“ತೂಗೀನಿ. ಕೂದಲೆಳಿ ಹೆಚ್ಚು ಕಮ್ಮಿ ಇಲ್ಲ.”

“ಗೋಪುರ ಮಾಡಿ ಅಳದ್ರೋ, ಒರಿಸಿ ಅಳದ್ರೋ?”

“ಕೋಲಿನಿಂದ ಒರಿಸೇ ಅಳದಾಳ ನಮ್ಮ ಅನ್ನಮ್ಮ. ನಲವತ್ತು ವರ್ಷದ ಕೈ.”

ಮೌನೇಶ್ವರಿಯ ಮೊದಲ ಅನುಮಾನ ಗೋಪುರದ ಮೇಲಿತ್ತು. ಅದು ಬಿತ್ತು. ಬಿದ್ದದ್ದು ಒಳ್ಳೆಯದೇ ಆಯಿತು. ಗೋಪುರ ಮಾಡಿದ್ದರೆ ಪ್ರತಿ ಸೇರಿಗೂ ಒಂದು ಹಿಡಿ ಹೆಚ್ಚು ಹೋಗಿ ಲೆಕ್ಕ ಇಪ್ಪತ್ತೆಂಟಕ್ಕೆ ಇಳಿಯಬೇಕಿತ್ತು. ಇಲ್ಲಿ ತಪ್ಪಿದ್ದು ಒಂದೇ ಒಂದು. ಅವಳು ಬೋರ್ಡಿನಲ್ಲಿ ಮೂವತ್ತೊಂದನ್ನು ಮುಕ್ಕಾಲಿನಿಂದ ಗುಣಿಸಿದಳು: ಇಪ್ಪತ್ತಮೂರೂ ಕಾಲು.

“ನೋಡ್ರಿ ಸರ್. ಕಡಿಮಿ ಬಿದ್ದದ್ದು ಮುಕ್ಕಾಲು ಕೆ.ಜಿ. ಎಂಟು ಮಕ್ಕಳು ಉಣ್ಣೋ ಅಕ್ಕಿ ಅದು, ಕೈಗೆ ಹತ್ತೋದಲ್ಲ. ಚೆಲ್ಲಿದ್ರ ಒಂದು ಬೊಗಸಿ ಚೆಲ್ಲಬೇಕು, ಇಲ್ಲ ಎರಡು. ಅಳದಂಗ ನೆಟ್ಟಗ ಒಂದು ಸೇರು ಚೆಲ್ಲಂಗಿಲ್ಲ. ಸೋರಿಕಿಗೆ ಲೆಕ್ಕ ಬರಂಗಿಲ್ಲ ಸರ್. ಪೂರ್ತಿ ಒಂದು ಸೇರು ತಪ್ಪಿದ್ರ ಅದು ಅಕ್ಕಿ ತಪ್ಪಲ್ಲ, ಎಣಿಕಿ ತಪ್ಪು. ಅಳದವರನ್ನ, ಎಣಿಸಿದವರನ್ನ ಇಬ್ಬರನ್ನೂ ಕರಸ್ರಿ.”

ವಿಜಯಶ್ರೀ ಆಗಲೇ ಮೊಬೈಲ್ ಕಿವಿಗಿಟ್ಟಿದ್ದರು.

ಅಡುಗೆಮನೆಯಲ್ಲಿ ಅನ್ನಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿ ಕಾಯುತ್ತಿದ್ದಳು. ಹಣೆಯಲ್ಲಿ ವಿಭೂತಿ, ಕೈಯಲ್ಲಿ ಸೌಟು. ಸುದ್ದಿ ಅವಳಿಗೆ ಬೇರೆ ರೂಪದಲ್ಲಿ ಮುಟ್ಟಿತ್ತು.

“ಏನು ಯವ್ವಾ, ಒಂದು ಸೇರು ಅಕ್ಕಿ ನಾ ತಿಂದೀನಂತ ಬೋರ್ಡಿನ ಮ್ಯಾಲ ಬರದೀಯಂತಲ್ಲ? ನಾ ಬೋರ್ಡು ಓದಂಗಿಲ್ಲ, ಆದ್ರ ಈ ಹಾಸ್ಟೆಲ್ಲಿನ ಹೊಟ್ಟಿ ಓದ್ತೀನಿ. ನನ್ನ ಕೈಯಾಗ ಒಂದು ಕಾಳು ಆಚಿ ಈಚಿ ಆಗಿಲ್ಲ.”

“ಆಗಿಲ್ಲಂತ ತೋರ್ಸಾಕೇ ಬಂದೀನಿ ಅತ್ತಿ. ಅವತ್ತು ಹ್ಯಾಂಗ ಅಳದ್ರೋ ಇವತ್ತೂ ಹಂಗೇ ಅಳೀರಿ. ಒಂದು ಮಾತೂ ಬದಲ ಮಾಡಬ್ಯಾಡ್ರಿ.”

‘ಅತ್ತಿ’ ಅಂದದ್ದಕ್ಕೆ ಅನ್ನಮ್ಮನ ಸೌಟು ಒಂದಿಷ್ಟು ಕೆಳಗಿಳಿಯಿತು. ಅಷ್ಟರಲ್ಲಿ ಬೆಳಿಗ್ಗೆಯೇ ರಾಯಚೂರಿಗೆ ಬಂದಿದ್ದ ವಿರೂಪಣ್ಣನ ಮಗ ಬಸವಪ್ರಸಾದ ಬೈಕ್ ನಿಲ್ಲಿಸಿ ಒಳಗೆ ಬಂದ. ಒಂದನೇ ತರಗತಿಯಿಂದ ಹೈದರಾಬಾದಿನ ಹಾಸ್ಟೆಲುಗಳಲ್ಲೇ ಬೆಳೆದು, ಇಂಜಿನಿಯರಿಂಗ್ ಮುಗಿಸಿ ಮಿಲ್ ನೋಡಿಕೊಳ್ಳಲು ಹೋದ ವರ್ಷವಷ್ಟೇ ಊರಿಗೆ ಬಂದವನು. ಕನ್ನಡ ಚೆನ್ನಾಗಿಯೇ ಆಡುತ್ತಿದ್ದ, ಇಸ್ತ್ರಿ ಮಾಡಿದ ಅಂಗಿಯ ಹಾಗೆ.

“ಎಣಿಕೆ ನಂದೇ ಮೇಡಂ. ತಪ್ಪಾಗೋ ಚಾನ್ಸೇ ಇಲ್ಲ. ನಿಜ ಹೇಳಬೇಕಂದ್ರೆ ಅವತ್ತು ಒಂದು ತಪ್ಪು ಆಗ್ತಿತ್ತು, ನಾನೇ ಹಿಡಿದು ಸರಿ ಮಾಡಿದೆ.”

‘ಸರಿ ಮಾಡಿದೆ’ ಎಂಬ ಮಾತು ಮೌನೇಶ್ವರಿಯ ಕಿವಿಯಲ್ಲಿ ಕಲ್ಲಿನ ಹಾಗೆ ಸಿಕ್ಕಿತು. ಅದನ್ನು ಅಲ್ಲೇ ಇಟ್ಟುಕೊಂಡು, “ಚೊಲೋ ಆತು, ಇವತ್ತೂ ಹಂಗೇ ಎಣಸ್ರಿ” ಎಂದಳು. ಎರಡು ಜಡೆಯ ಹುಡುಗಿಗೆ ಚಾಕ್‌ಪೀಸ್ ಕೊಟ್ಟು, “ನೀ ಬಾಯಿ ತೆರೀಬ್ಯಾಡ. ಅವರ ಮಾತಿಗೆ ಕಿವಿನೂ ಕೊಡಬ್ಯಾಡ. ಸೇರು ಒಮ್ಮಿ ಬಗ್ಗಿದ್ರ ನೆಲದ ಮ್ಯಾಲ ಒಂದು ಗೆರಿ, ಅಷ್ಟೇ” ಎಂದಳು.

ಕಾಟಾದ ಮೇಲೆ ಇಪ್ಪತ್ತನಾಲ್ಕು ಕೆ.ಜಿ. ಅಕ್ಕಿ ತೂಗಿ ಅಗಲವಾದ ಪರಾತಕ್ಕೆ ಸುರಿದರು. ಉಳಿದ ಮಕ್ಕಳೆಲ್ಲ ಕಿಟಕಿಯ ಸರಳಿಗೆ ಮುಖ ಒತ್ತಿ ನಿಂತರು. ಅನ್ನಮ್ಮ ಹಿತ್ತಾಳೆ ಸೇರನ್ನು ಎರಡೂ ಕಣ್ಣಿಗೆ ಒತ್ತಿಕೊಂಡಳು, ಅಕ್ಕಿಯಲ್ಲಿ ಅದ್ದಿ ಎತ್ತಿದಳು, ಕೋ‍ಲಿನಿಂದ ಒರೆಸಿದಳು, ಬುಟ್ಟಿಗೆ ಸುರಿದಳು.

“ಲಾಭ” ಎಂದಳು.

ಮತ್ತೆ ಅದ್ದಿದಳು. “ಎರಡು.” ಮತ್ತೆ. “ಮೂರು.”

ಮೌನೇಶ್ವರಿಯ ಕಣ್ಣ ಮುಂದಿನ ಅಡುಗೆಮನೆ ಕರಗಿ ಒಂದು ಕಣ ಎದ್ದಿತು. ಸಂಜೆ ಬಿಸಿಲು, ಸಾಲು ನಿಂತ ಕೂಲಿ ಹೆಂಗಸರು, ಅವ್ವನ ಚಾಚಿದ ಸೆರಗು. ಅಳೆಯುವವನು ಮೊದಲ ಸೇರಿಗೆ ಎಂದೂ ‘ಒಂದು’ ಅನ್ನುತ್ತಿರಲಿಲ್ಲ. ಕಾಳು ಅಳೆಯುವಾಗ ಈ ಕಡೆ ಯಾರೂ ಅನ್ನುವುದಿಲ್ಲ. ಮೊದಲನೆಯದು ಲಾಭ, ಅದರ ಮುಂದಿನದು ಎರಡು; ಹುಟ್ಟುವಳಿ ಹೆಚ್ಚಲಿ ಎಂದು ಒಳ್ಳೆಯ ಮಾತಿನಿಂದ ಶುರು ಮಾಡುವ ರೂಢಿ. ಗೋಪಮ್ಮ ಚಿಕ್ಕ ಮಗಳಿಗೆ ಹೇಳಿಕೊಟ್ಟಿದ್ದಳು: “ಲಾಭ ಅಂದ ಕೂಡ್ಲೆ ಸೆರಗು ಒಡ್ಡಬೇಕು ಬೇ. ಒಂದು ಅಂತಾರ ಅಂತ ಕಾಯ್ಕೊಂತ ನಿಂತ್ರ ಮೊದಲನೇ ಸೇರು ನೆಲದ ಪಾಲು.”

ಅವಳಿಗೆ ಉತ್ತರ ಅಲ್ಲೇ ಸಿಕ್ಕಿತು. ಆದರೂ ಬಾಯಿ ಬಿಡಲಿಲ್ಲ. ಜೀವಮಾನದಲ್ಲಿ ಮೊದಲ ಬಾರಿಗೆ ಹೆಸರಿಗೆ ತಕ್ಕ ಹಾಗೆ ನಿಂತಳು. ಲೆಕ್ಕದ ಮಂದಿ ತಾವೇ ಮಾತಾಡಲಿ.

ಹತ್ತಾಯಿತು, ಇಪ್ಪತ್ತಾಯಿತು. ಅನ್ನಮ್ಮನ ಕೈಗೆ ಒಂದು ತಾಳ ಬಂತು: ಅದ್ದು, ಒರಸು, ಸುರಿ. ಪರಾತದ ತಳ ಕಾಣತೊಡಗಿತು. ಕೊನೆಯ ಸೇರಿಗೆ ಅವಳು ಅಂಗೈಯಿಂದ ಮೂಲೆಯ ಕಾಳುಗಳನ್ನೆಲ್ಲ ಗುಡಿಸಿ ತುಂಬಿದಳು. ಸೇರು ಕಂಠಮಟ್ಟ ತುಂಬಿತು, ಒರೆಸುವುದಕ್ಕೂ ಕಾಳು ಮಿಕ್ಕಲಿಲ್ಲ.

“ಮೂವತ್ತೆರಡು” ಎಂದು ಸುರಿದಳು.

ವಿರೂಪಣ್ಣ ಮಗನ ಕಡೆ ತಿರುಗಿದರು. “ಏನೋ, ಮೂವತ್ತೆರಡು ಅಂದ್ಳಲ್ಲ?”

ಬಸವಪ್ರಸಾದ ಇದನ್ನೇ ಕಾಯುತ್ತಿದ್ದವನಂತೆ ಮುಗುಳ್ನಕ್ಕ. “ಅವತ್ತೂ ಹಾಗೇ ಅಂದ್ರು ಅಪ್ಪಾಜಿ. ಆದ್ರೆ ನೀವು ಸರಿಯಾಗಿ ಗಮನಿಸಿ. ಅನ್ನಮ್ಮ ಒಂದು ಅನ್ನೋದೇ ಇಲ್ಲ, ನೇರ ಎರಡರಿಂದ ಶುರು ಮಾಡ್ತಾರೆ. ಪಾಪ, ವಯಸ್ಸಾಗಿದೆ. ಅದಕ್ಕೆ ನಾನು ಕೊನೆಗೆ ಒಂದು ಕಳೆದು ಮೂವತ್ತೊಂದು ಅಂತ ಬರೆದೆ.”

ಅನ್ನಮ್ಮ ಬುಟ್ಟಿ ಬಿಟ್ಟು ಎದ್ದು ನಿಂತಳು.

“ಲಾಭ ಅಂದಿದ್ದು ಕೇಳಲಿಲ್ಲೇನು ಸಣ್ಣ ಸಾವ್ಕಾರ್ರ?” ಅನ್ನಮ್ಮ ಖಾಲಿ ಸೇರನ್ನು ಸೊಂಟಕ್ಕೆ ಆನಿಸಿಕೊಂಡಳು. “ಆ ಸೇರು ನಾ ಗಾಳಿಗೆ ಸುರದ್ನೇನು?”

“ಅದು... ಅಳೆಯೋ ಮುಂಚೆ ಏನೋ ದೇವರ ಪ್ರಾರ್ಥನೆ ಅಂದ್ಕೊಂಡೆ. ಸೇರನ್ನ ಕಣ್ಣಿಗೆ ಒತ್ತಿಕೊಂಡ್ರಲ್ಲ.”

ಕಿಟಕಿಯ ಮಕ್ಕಳು ಕಿಸಕ್ಕೆಂದರು. ಮೌನೇಶ್ವರಿ ಎರಡು ಜಡೆಯ ಹುಡುಗಿಯನ್ನು ನೋಡಿದಳು. ಹುಡುಗಿ ನೆಲದ ಗೆರೆಗಳ ಮೇಲೆ ಬೆರಳಾಡಿಸುತ್ತಾ ಎಣಿಸಿ, “ಮೂವತ್ತೆರಡು ಗೆರಿ ಅದಾವ ಮಿಸ್” ಎಂದಳು.

“ಅವರ ಕಳೀಯೋ ಲೆಕ್ಕ ಸರಿನೇ ಅದ ಸರ್” ಎಂದಳು ಮೌನೇಶ್ವರಿ. ಬಸವಪ್ರಸಾದನ ಕಿವಿ ಕೆಂಪಾದದ್ದು ಅವಳಿಗೆ ಕಂಡಿತ್ತು. “ಎರಡರಿಂದ ಶುರು ಮಾಡಿ ಮೂವತ್ತೆರಡಕ್ಕ ಮುಗಿಸಿದ್ರ ಮೂವತ್ತೊಂದೇ. ಲಾಭ ಒಂದು ಸೇರು ಅಂತ ಅವರಿಗೆ ಯಾರೂ ಹೇಳಿಲ್ಲ, ಅಷ್ಟೇ.”

ವಿರೂಪಣ್ಣ ಅಕ್ಕಿ ಚೀಲವೊಂದರ ಮೇಲೆ ಕೂತರು. ಟವೆಲು ಹೆಗಲಿಂದ ತೆಗೆದು ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು.

“ಹುಟ್ಟಿದಾಗಿಂದ ಕೇಳೀನಿ. ನಮ್ಮಪ್ಪ ಅಳೀತಿದ್ದಾಗ ಕೇಳೀನಿ, ಮಿಲ್ಲಿನಾಗ ಹಮಾಲ್ರು ಅಂದಿದ್ದು ಕೇಳೀನಿ. ಇವಗ ಹೈದರಾಬಾದಿನಾಗ ಏನೇನೋ ಕಲಿಸಿದೆ. ಲಾಭ ಅಂದ್ರ ಒಂದು ಅಂತ ಹೇಳಾಕ ಮರತೆ.” ಚೀಟಿಯನ್ನು ಇನ್ನೊಮ್ಮೆ ನೋಡಿ ಅಂದರು, “ಆ ಇಬ್ಬರು ಮೂವತ್ತೆರಡು ಅಂದಿದ್ರಲ್ಲ.”

“ಅಂದಿದ್ರು ಸರ್. ಅವರ ಲೆಕ್ಕ ಸರಿ ಇತ್ತು.”

“ಇತ್ತು. ಆದ್ರ ಚೀಟಿ ಕಂಡ ಕೂಡ್ಲೆ ಬಿಟ್ಟು ಕೊಟ್ರಲ್ಲ. ನೀವು ನನ್ನ ಚೀಟೀನೂ ಬಿಡಲಿಲ್ಲ, ನಿಮ್ಮ ಲೆಕ್ಕಾನೂ ಬಿಡಲಿಲ್ಲ.” ಅವರು ಮಗಳ ಕಡೆ ನೋಡಿದರು. “ವಿಜಿ, ಇವರ ಹೆಸರು ಬರಕೋ. ಕಾಯಂ. ಮಾರ್ಚ್ ಗೀರ್ಚ್ ಇಲ್ಲ.”

“ಆಗಲೇ ಬರದೀನಿ ಅಪ್ಪಾಜಿ. ಅವರು ಚಾಕ್‌ಪೀಸ್ ಪರ್ಸಿನಿಂದ ತಗದಾಗಲೇ.”

ಮೌನೇಶ್ವರಿ ನೆಲದ ಮೇಲಿನ ಗೆರೆಗಳ ಕಡೆ ನೋಡಿದಳು. ಅವುಗಳ ಪಕ್ಕದಲ್ಲಿ ಎರಡು ಜಡೆಯ ಹುಡುಗಿ ಇನ್ನೂ ಮಂಡಿಯೂರಿ ಕೂತಿದ್ದಳು. ಈ ಹುಡುಗಿ ಏಳಕ್ಕೆ ಹೋಗುವುದನ್ನೂ ನೋಡುತ್ತೇನೆ, ಎಂಟಕ್ಕೆ ಹೋಗುವುದನ್ನೂ ನೋಡುತ್ತೇನೆ ಎಂಬ ಲೆಕ್ಕ ಅವಳ ಎದೆಯಲ್ಲಿ ಸುಲಭವಾಗಿ ಬಿಡಿಸಿಕೊಂಡಿತು.

“ಎಲ್ಲಾರೂ ಹೊರಗ ನಡೀರಿ, ಅಕ್ಕಿ ತೊಳೀಬೇಕು” ಎಂದು ಅನ್ನಮ್ಮ ಸೌಟು ಬೀಸಿದಳು. ವಿರೂಪಣ್ಣ ಏಳಲಿಲ್ಲ.

“ಒಂದು ಮಾತು ಅದ ಬಾಯಾರ. ಎರಡು ತಿಂಗಳಿಂದ ಬಂದವರಿಗೆಲ್ಲ ಮೂವತ್ತೊಂದು ಅಂದೀನಿ, ಇವತ್ತು ಈ ಮಕ್ಕಳ ಮುಂದೂ ಅಂದೀನಿ. ಈಗ ನಾನೇ ಬ್ಯಾರೆ ಹೇಳಬೇಕಂದ್ರ ನಾಲಿಗಿ ತಿರುಗವಲ್ದು. ನನ್ನ ದನಿ ಹೆಂಗೂ ನಿಮ್ಮ ಹತ್ರ ಅದ. ನೀವೇ ಹೇಳಿಬಿಡ್ರಿ.”

ಮೌನೇಶ್ವರಿ ಒಮ್ಮೆ ವಿಜಯಶ್ರೀಯ ಮುಖ ನೋಡಿದಳು. ಅಲ್ಲಿ ಅಡ್ಡಿಯಿರಲಿಲ್ಲ. ಅವಳು ಕಿಟಕಿಯ ಕಡೆ ತಿರುಗಿ, ಎದೆ ಸೆಟೆಸಿ, ಹೊಟ್ಟೆಯ ಆಳದಿಂದ ದನಿಯನ್ನು ಎತ್ತಿದಳು. ಗಂಟಲಲ್ಲಿ ಅರೆಗಳಿಗೆ ತಂಗಿಸಿದಳು. ಈ ಸಲ ಮಾತ್ರ ಚೀಲವನ್ನು ಧೊಪ್ಪೆಂದು ಎಸೆಯದೆ, ಮೆಲ್ಲಗೆ ಕೆಳಗಿಟ್ಟಳು.

“ಅದು ಮೂವತ್ತೊಂದಲ್ಲ, ಮೂವತ್ತೆರಡು. ಮೂವತ್ತೆರಡು ಅಂದ್ರ ಮೂವತ್ತೆರಡು. ತಿಳೀತಿಲ್ಲೋ?”

ಮಕ್ಕಳು ಬಾಯಿ ತೆರೆಯುವ ಮೊದಲೇ ಅಕ್ಕಿ ಚೀಲದ ಮೇಲಿನಿಂದ ಉತ್ತರ ಬಂತು.

“ತಿಳೀತು” ಎಂದರು ವಿರೂಪಣ್ಣ.